ದೊಡ್ಡವರ ಕಣ್ಣಿನ ಸುತ್ತ ಸಿಸ್ಟ್ (ಚೀಲದಂಥ ಗಂಟು): ಸೂಜಿ ಚುಚ್ಚುವ ಮೊದಲು
ರೆಪ್ಪೆಯ ಗಂಟುಗಳಲ್ಲಿ ಬಹುಪಾಲು ಕೆಲೇಜಿಯನ್, ಅಂದರೆ ರೆಪ್ಪೆಯ ಎಣ್ಣೆಗ್ರಂಥಿ ಕಟ್ಟಿಕೊಂಡು ಆದ ಗಂಟು. ಆದರೆ ಗಂಟು ರೆಪ್ಪೆಯಂಚಿನಿಂದ ದೂರವಿದ್ದರೆ, ಕಣ್ಣುಗುಡ್ಡೆ ಸರಿದಿದ್ದರೆ, ಒಂದು ವಸ್ತು ಎರಡಾಗಿ ಕಾಣುತ್ತಿದ್ದರೆ ಅಪರೂಪದ್ದನ್ನು ಹುಡುಕಲೇಬೇಕು.

ಮೊದಲು ಜಾಗ. ಹುಬ್ಬಿನ ಹೊರತುದಿಯಲ್ಲಿದ್ದರೆ ಡರ್ಮಾಯ್ಡ್ (ಹುಟ್ಟಿನಿಂದಲೇ ಒಳಗೆ ಸಿಕ್ಕ ಚರ್ಮದಿಂದಾದ ಸಿಸ್ಟ್) ಇರಬಹುದು. ಮೂಗಿನ ಕಡೆಯ ಮೇಲ್ಮೂಲೆಯಿಂದ ಗುಡ್ಡೆಯನ್ನು ಕೆಳಕ್ಕೂ ಹೊರಕ್ಕೂ ತಳ್ಳುತ್ತಿದ್ದರೆ ಸೈನಸ್‌ನ ಮ್ಯೂಕೋಸೀಲ್ (ಲೋಳೆ ತುಂಬಿ ಉಬ್ಬಿದ ಚೀಲ) ಅನುಮಾನಿಸಿ. ಮೇಲ್ರೆಪ್ಪೆಯ ಹೊರಭಾಗದಲ್ಲಿ ನೀಲಿ ಛಾಯೆಯಿದ್ದು ಟಾರ್ಚ್ ಬೆಳಕು ಹಾಯ್ದರೆ ಅದು ಕಣ್ಣೀರ ಗ್ರಂಥಿಯ ನಾಳ ಹಿಗ್ಗಿ ಆದ ಸಿಸ್ಟ್, ಡ್ಯಾಕ್ರಿಯೋಪ್ಸ್.

ಬೆರಳಿಗೆ ಗಂಟಿನ ಹಿಂಬದಿ ಅಂಚು ಸಿಗದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಿ. ಕಣ್ಣು ಎಷ್ಟು ಮುಂದಕ್ಕಿದೆ ಎಂದು ಅಳೆಯುವ ಹರ್ಟೆಲ್ ಮಾಪಕದಲ್ಲಿ ಎರಡು ಕಣ್ಣುಗಳ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೂ ಅಷ್ಟೇ. ಅಗಿಯುವಾಗ ಕಣ್ಣು ಮುಂದಕ್ಕೆ ಬರುತ್ತಿದ್ದರೆ ಡರ್ಮಾಯ್ಡ್ ಮೂಳೆಯ ಸಂದಿನಲ್ಲಿ ತೂರಿ ಕಣತಲೆಯ ಸ್ನಾಯುವಿನಡಿಗೂ ಚಾಚಿರುವ ಸಾಧ್ಯತೆ ಇದೆ. ಸಿಟಿಯಲ್ಲಿ ಕೊಬ್ಬಿನ ಸಾಂದ್ರತೆ, ಅಂದರೆ ಸೊನ್ನೆಗಿಂತ ಕಡಿಮೆ ಹೌನ್ಸ್‌ಫೀಲ್ಡ್ ಅಂಕಿ, ಕಂಡರೆ ಅನುಮಾನ ಗಟ್ಟಿಯಾಗುತ್ತದೆ.

ನಮ್ಮ ದೇಶದಲ್ಲಿ ಮರೆಯಬಾರದ್ದು ಲಾಡಿಹುಳುವಿನ ಮರಿಯಿಂದಾಗುವ ಸಿಸ್ಟಿಸರ್ಕೋಸಿಸ್. ನೋವು, ಕೆಂಪು, ಕಣ್ಣು ಒಂದು ದಿಕ್ಕಿಗೆ ತಿರುಗದಿರುವುದು ಇದರ ಗುರುತು. ಕಣ್ಣಿನ ಅಲ್ಟ್ರಾಸೌಂಡ್ ಬಿ-ಸ್ಕ್ಯಾನ್‌ನಲ್ಲಿ ಸ್ನಾಯುವಿನೊಳಗೆ ಕಪ್ಪು ಗುಳ್ಳೆ, ಅದರ ಗೋಡೆಗೆ ಅಂಟಿದ ಹೊಳೆಯುವ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯೇ ಹುಳುವಿನ ತಲೆ. ಹುಳು ಸತ್ತ ಮೇಲೆ ಚುಕ್ಕೆ ಕಾಣದೆ ಹೋಗಬಹುದು, ಹಾಗಾಗಿ ಅದಿಲ್ಲವೆಂದು ರೋಗ ತಳ್ಳಿಹಾಕಬೇಡಿ. ಹುಳು ಕೊಲ್ಲುವ ಔಷಧ ಆಲ್ಬೆಂಡಜೋಲ್ ಬರೆಯುವ ಮೊದಲು ಮಿದುಳಿನ ಸ್ಕ್ಯಾನ್ ಮತ್ತು ಅಕ್ಷಿಪಟಲದ ಪರೀಕ್ಷೆ ಆಗಿರಲೇಬೇಕು: ಅಲ್ಲೂ ಹುಳುಗಳಿದ್ದರೆ ಅವು ಸಾಯುವಾಗಿನ ಉರಿಯೂತ ಫಿಟ್ಸ್ ತರಬಹುದು, ದೃಷ್ಟಿ ಕಸಿಯಬಹುದು.

ಸ್ಕ್ಯಾನ್ ನೋಡದೆ ಸೂಜಿ ಹಾಕಬೇಡಿ. ಡರ್ಮಾಯ್ಡ್ ಒಡೆದರೆ ಒಳಗಿನ ಕೆರಾಟಿನ್ (ಚರ್ಮದ ಪ್ರೋಟೀನ್) ಸುತ್ತಲೂ ತೀವ್ರ ಊತ ತರುತ್ತದೆ. ನಾಯಿಯ ಲಾಡಿಹುಳುವಿನ ಮರಿಯಿಂದಾಗುವ ಹೈಡಾಟಿಡ್ ಸಿಸ್ಟ್ ಸೋರಿದರೆ ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ) ಆಗಬಹುದು.