ಬೊರೊಮಿರ್ ಪರವಾಗಿ ಮಾತಾಡೋರು ಯಾರು?

ಟೋಲ್ಕೀನ್ ಓದಿದವರು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಬೇಗ ಬೊರೊಮಿರ್ ಹತ್ತಿರ ಬಂದು ನಿಲ್ಲುತ್ತದೆ. ಅವರ ಕಾದಂಬರಿಯಲ್ಲಿ, ಹೊತ್ತವರ ಮನಸ್ಸನ್ನೇ ಕೆಡಿಸುವ ಶತ್ರುವಿನ ಉಂಗುರವನ್ನು ನಾಶ ಮಾಡೋಕೆ ಫ್ರೋಡೋ ಅನ್ನೋ ಹಾಬಿಟ್ (ಕುಳ್ಳ ಜನರಲ್ಲಿ ಒಬ್ಬ) ಹೊರಡುತ್ತಾನೆ. ಅವನ ಜೊತೆಗೆ ಹೋದ ಯೋಧ ಬೊರೊಮಿರ್ ದಾರಿಯಲ್ಲಿ ಆ ಉಂಗುರವನ್ನು ಕಿತ್ತುಕೊಳ್ಳೋಕೆ ನೋಡುತ್ತಾನೆ. ಅವನು ದ್ರೋಹಿ ಅಂತ ಒಬ್ಬರು. ಪಾಪ, ಎಲ್ಲ ಆ ಉಂಗುರದ ಆಟ, ಅವನದೇನು ತಪ್ಪು ಅಂತ ಇನ್ನೊಬ್ಬರು. ಆಮೇಲೆ ರಾತ್ರಿ ಊಟದವರೆಗೂ ಇದೇ ಎರಡು ಮಾತು. ನಮ್ಮ ಓದುಗರ ಬಳಗದಲ್ಲೂ ಹೀಗೇ ಆಗುತ್ತಿತ್ತು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು ನಾವು ಬೆಂಗಳೂರಿನಲ್ಲಿ ಯಾರದಾದರೂ ಮನೆಯಲ್ಲಿ ಕೂತು ಅಧ್ಯಾಯ ಅಧ್ಯಾಯವಾಗಿ ಓದುತ್ತೇವೆ. ಓದೋದು ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಆ ಜಗಳವನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡುತ್ತೇನೆ ಅಂತ ಸುಮಾರು ಜನ ಕೇಳಿದ್ದಾರೆ, ಅದಕ್ಕೇ ಇದು.

ನನ್ನ ದಾರಿ ತಾಳಮದ್ದಳೆಯದು. ನಾನು ಉಡುಪಿ ಕಡೆಯವಳು, ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದದ್ದು ಅದನ್ನೇ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಅದರ ಅರ್ಥವನ್ನು ಅಲ್ಲೇ ಮಾತಾಗಿ ಬಿಡಿಸುತ್ತಾರೆ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನಲ್ಲ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಇದು ಯಾವ ಧರ್ಮ ಅಂತ, ಆ ಜಾಗ ಬಂದರೆ ಸಭೆಯಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ರಾಮನ ಕಡೆಯವರು ಬೆವರಬೇಕು. ಆದರೆ ಎಷ್ಟೇ ಚೆನ್ನಾಗಿ ವಾದಿಸಿದರೂ ವಾಲಿ ಕೊನೆಗೆ ಸಾಯಲೇಬೇಕು. ಕಥೆ ಬದಲಾಗುವ ಹಾಗಿಲ್ಲ. ಇನ್ನೊಂದು ವಿಷಯ ಏನಂದರೆ, ವಾಲಿ ಹೀಗೆ ಯೋಚಿಸಿರಬಹುದು ಅಂತ ದೂರ ನಿಂತು ಹೇಳೋಕೆ ಅಲ್ಲಿ ಜಾಗವೇ ಇಲ್ಲ. ನಾನು ಹೀಗೆ ಯೋಚಿಸಿದೆ ಅಂತಲೇ ಹೇಳಬೇಕು.

ಇದನ್ನೇ ನಾನು ಟೋಲ್ಕೀನ್‌ಗೆ ತಂದೆ. ಒಂದು ಪಾತ್ರ, ಒಂದು ಘಟನೆ, ಎರಡು ಕುರ್ಚಿ. ಒಂದು ಕುರ್ಚಿಯಲ್ಲಿ ತಪ್ಪು ಮಾಡಿದವನು, ಇನ್ನೊಂದರಲ್ಲಿ ಆ ತಪ್ಪಿನಿಂದ ನೊಂದವನು. ಭಾಗವತರ ಪದದ ಜಾಗದಲ್ಲಿ ಪುಸ್ತಕದ ಆ ಪುಟವನ್ನು ಗಟ್ಟಿಯಾಗಿ ಓದಿಸುತ್ತೇನೆ. ಇಬ್ಬರೂ 'ನಾನು' ಅಂತಲೇ ಮಾತಾಡಬೇಕು. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ: ಆ ಪುಟದ ಹೊತ್ತಿಗೆ ಪಾತ್ರಕ್ಕೆ ಏನು ಗೊತ್ತಿತ್ತೋ ಅಷ್ಟನ್ನು ಮಾತ್ರ ಬಳಸಬೇಕು. ಮುಂದೆ ಏನಾಯಿತು ಅನ್ನೋದು ಲೆಕ್ಕಕ್ಕಿಲ್ಲ. ಕೊನೆಗೆ ಒಳ್ಳೆಯದಾಯಿತಲ್ಲ ಅಂತ ಯಾರಾದರೂ ಬಾಯಿ ತೆರೆದರೆ ಅಲ್ಲೇ ನಿಲ್ಲಿಸುತ್ತೇನೆ. ಸಿನಿಮಾಗಳನ್ನೂ ಹೊರಗಿಡುತ್ತೇನೆ. 2001ರಿಂದ 2003ರ ನಡುವೆ ಬಂದ ಆ ಮೂರು ಚಿತ್ರಗಳು ನನಗೂ ಇಷ್ಟ. ಆದರೆ ಬೊರೊಮಿರ್‌ನ ತಮ್ಮ ಫರಾಮಿರ್‌ನನ್ನೇ ನೋಡಿ. ಪುಸ್ತಕದ ಫರಾಮಿರ್ ಉಂಗುರದ ವಿಷಯ ತಿಳಿದ ಮೇಲೂ ಫ್ರೋಡೋನನ್ನು ಅವನ ದಾರಿಗೆ ಬಿಟ್ಟುಕೊಡುತ್ತಾನೆ, ಸಿನಿಮಾದ ಫರಾಮಿರ್ ಅವನನ್ನು ಹಾಳುಬಿದ್ದ ಓಸ್ಗಿಲಿಯಾತ್ ನಗರದವರೆಗೆ ಎಳೆದುಕೊಂಡು ಹೋಗುತ್ತಾನೆ. ಇಬ್ಬರಿಗೂ ಒಂದೇ ತೀರ್ಪು ಕೊಡೋಕೆ ಆಗಲ್ಲ ಅಲ್ವಾ?

ಬೊರೊಮಿರ್ ಕುರ್ಚಿಗೆ ಮೊದಲು ಕೂತ ಗೆಳೆಯ ಒಳ್ಳೆಯ ತಯಾರಿ ಮಾಡಿಕೊಂಡು ಬಂದಿದ್ದ. ಓಸ್ಗಿಲಿಯಾತ್‌ನ ಸೇತುವೆ ಮುರಿದು ಬಿದ್ದಾಗ ಈಜಿ ಬದುಕಿದ್ದು ನಾಲ್ಕೇ ಜನ, ಅವರಲ್ಲಿ ನಾನು ಮತ್ತು ನನ್ನ ತಮ್ಮ ಇಬ್ಬರು ಅಂತ ಶುರು ಮಾಡಿದ. ಎಲ್ಫ್‌ಗಳ (ಸಾವಿಲ್ಲದ ಜನರ) ಒಡೆಯ ಎಲ್ರಾಂಡನ ಊರು ರಿವೆಂಡೆಲ್‌ಗೆ ಬರೋಕೆ 110 ದಿನ ಒಬ್ಬನೇ ಪ್ರಯಾಣ ಮಾಡಿದೆ ಅಂದ. ಇವೆರಡೂ ಉಂಗುರವನ್ನು ಏನು ಮಾಡೋದು ಅಂತ ತೀರ್ಮಾನಿಸುವ ಎಲ್ರಾಂಡನ ಸಭೆಯಲ್ಲಿ ಬೊರೊಮಿರ್ ಹೇಳುವ ಮಾತುಗಳೇ. ಗೆಳೆಯ ಮುಂದುವರಿಸಿದ: ನಿಮ್ಮ ಊರುಗಳು ನೆಮ್ಮದಿಯಾಗಿರೋದು ನಮ್ಮ ಜನ ಮುಂದೆ ನಿಂತು ಸಾಯುತ್ತಿರೋದರಿಂದ. ಶತ್ರುವನ್ನು ಸೋಲಿಸೋ ಆಯುಧ, ಈ ಉಂಗುರ, ಕಣ್ಣೆದುರಿಗಿದೆ. ಅದನ್ನು ಒಬ್ಬ ಪುಟ್ಟ ಹಾಬಿಟ್ ಕೈಗೆ ಕೊಟ್ಟು ಶತ್ರುವಿನ ಮನೆ ಬಾಗಿಲಿಗೇ ಕಳಿಸುತ್ತೀರಿ. ಇದರಲ್ಲಿ ಹುಚ್ಚ ಯಾರು, ನಾನಾ, ನೀವಾ?

ಕೋಣೆಯಲ್ಲಿ ಅರ್ಧ ಜನ ಅವನ ಕಡೆ ವಾಲಿದರು. ಎದುರು ಕೂತ ಫ್ರೋಡೋ ಕೇಳಿದ್ದು ಒಂದೇ ಪ್ರಶ್ನೆ. ಇಷ್ಟೆಲ್ಲ ನ್ಯಾಯ ನಿನ್ನ ಕಡೆ ಇದ್ದರೆ ಅಮೊನ್ ಹೆನ್ ಬೆಟ್ಟದ ಮೇಲೆ, ಎಲ್ಲರ ಕಣ್ಣು ತಪ್ಪಿಸಿ, ನಾನೊಬ್ಬನೇ ಇದ್ದಾಗ ಯಾಕೆ ಬಂದೆ?

ಅಲ್ಲಿಂದ ಮಾತು ಗಟ್ಟಿಯಾಯಿತು. ಉಂಗುರಕ್ಕೆ ಕೈ ಹಾಕಿದ್ದು ತಪ್ಪು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಅದು ಹುಚ್ಚಿನ ಕ್ಷಣ. ಬಿದ್ದ ಕೂಡಲೇ ಅವನೇ ಅತ್ತು, ವಾಪಸ್ ಬಾ ಅಂತ ಕೂಗುತ್ತಾನೆ. ನಾವು ಜಾಸ್ತಿ ಹೊತ್ತು ನಿಂತದ್ದು ಆಮೇಲಿನ ಒಂದು ಸಣ್ಣ ಜಾಗದಲ್ಲಿ. ಬೊರೊಮಿರ್ ಉಳಿದವರ ಹತ್ತಿರ ಬರುತ್ತಾನೆ. ಫ್ರೋಡೋನನ್ನು ನೋಡಿದೆಯಾ ಅಂತ ತಂಡದ ಮುಂದಾಳು ಅರಗಾರ್ನ್ ಕೇಳುತ್ತಾನೆ. ನೋಡಿದೆ, ನನ್ನ ಊರು ಮಿನಾಸ್ ತಿರಿತ್‌ಗೆ ಬಾ ಅಂತ ಒತ್ತಾಯ ಮಾಡಿದೆ, ನನಗೆ ಸಿಟ್ಟು ಬಂತು, ಅವನು ಮಾಯವಾದ ಅನ್ನುತ್ತಾನೆ ಬೊರೊಮಿರ್. ಇಷ್ಟೇನಾ ಅಂತ ಅರಗಾರ್ನ್ ಮತ್ತೆ ಕೇಳಿದರೆ, ಸದ್ಯಕ್ಕೆ ಇಷ್ಟೇ ಅನ್ನುತ್ತಾನೆ. ಒಂದೂ ಸುಳ್ಳಿಲ್ಲ, ಮುಖ್ಯವಾದದ್ದು ಮಾತ್ರ ಇಲ್ಲ. ಈ ಹೊತ್ತಿಗೆ ಹುಚ್ಚು ಇಳಿದಿದೆ. ಉಂಗುರ ಹತ್ತಿರದಲ್ಲೂ ಇಲ್ಲ. ಹಾಗಾದರೆ ಈ ಅರ್ಧ ಮಾತಿಗೆ ಹೊಣೆ ಯಾರು? ಉಂಗುರದ ಮೇಲೆ ಹಾಕೋಕೆ ಆಗಲ್ಲ. ನನ್ನ ಪ್ರಕಾರ ಬೊರೊಮಿರ್ ತನ್ನದೇ ಅಂತ ಹೊರಬೇಕಾದ ತಪ್ಪು ಇದು. ಇದನ್ನು ಕಂಡರೆ ಮಾತ್ರ ಅವನ ಸಾವಿನ ತೂಕ ಗೊತ್ತಾಗುತ್ತದೆ. ತಂಡದ ಹಾಬಿಟ್‌ಗಳಾದ ಮೆರಿ ಮತ್ತು ಪಿಪಿನ್‌ಗಾಗಿ ಹೋರಾಡಿ, ಮರಕ್ಕೆ ಒರಗಿ ಕೂತು, ಅದೇ ಅರಗಾರ್ನ್ ಎದುರಿಗೆ ಅವನು ಉಳಿದ ಅರ್ಧವನ್ನು ಹೇಳಿ ಮುಗಿಸುತ್ತಾನೆ.

ಅರಗಾರ್ನ್ ಆ ಕೊನೆಯ ಮಾತುಗಳನ್ನು ಬಹಳ ಕಾಲ ಯಾರಿಗೂ ಹೇಳುವುದಿಲ್ಲ. ಅದು ಕರುಣೆಯೋ ಮುಚ್ಚಿಡೋದೋ ಅಂತ ನಮ್ಮಲ್ಲಿ ಇನ್ನೂ ಎರಡು ಪಂಗಡ. ನಾನು ಕರುಣೆಯ ಕಡೆ.

ಫ್ರೋಡೋನ ವಿಷಯಕ್ಕೆ ಬಂದಾಗ ಒಂದು ಹಳೆಯ ಸಂಗತಿಯನ್ನು ಎಲ್ಲರಿಗೂ ಹೇಳುತ್ತೇನೆ. ಮೂರು ಸಂಪುಟ ಬಂದದ್ದು 1954 ಮತ್ತು 1955ರಲ್ಲಿ. ಅದಾದ ಸ್ವಲ್ಪ ದಿನಕ್ಕೇ ಒಬ್ಬ ಓದುಗರು ಟೋಲ್ಕೀನ್‌ಗೆ ಸಿಟ್ಟಿನಿಂದ ಪತ್ರ ಬರೆದರು. ಫ್ರೋಡೋಗೆ ಗೌರವ ಕೊಡೋದಲ್ಲ, ದ್ರೋಹಿ ಅಂತ ಮರಣದಂಡನೆ ಕೊಡಬೇಕಿತ್ತು ಅನ್ನೋದು ಅವರ ವಾದ. ಅಂದರೆ ಈ ಜಗಳಕ್ಕೆ ಪುಸ್ತಕದಷ್ಟೇ ವಯಸ್ಸು. ಆ ಓದುಗರು ಗಮನಿಸಿದ್ದು ಸರಿಯಾಗಿಯೇ ಇತ್ತು. ಉಂಗುರವನ್ನು ನಾಶ ಮಾಡಬಲ್ಲ ಬೆಂಕಿಬೆಟ್ಟದ ಒಳಗೆ, ಕೊನೆಯ ಅಂಚಿನಲ್ಲಿ, ಫ್ರೋಡೋ ಉಂಗುರವನ್ನು ಎಸೆಯುವುದಿಲ್ಲ. ನನ್ನದು ಅಂತ ಹಾಕಿಕೊಳ್ಳುತ್ತಾನೆ. ಹಿಂದೆ ಉಂಗುರವನ್ನು ಇಟ್ಟುಕೊಂಡಿದ್ದ, ಅದರ ಆಸೆಗೆ ಬೆನ್ನುಬಿದ್ದು ಬಂದ ಗೊಲ್ಲಮ್ ಅವನ ಬೆರಳು ಕಚ್ಚಿ, ಉಂಗುರದ ಸಮೇತ ಬೆಂಕಿಗೆ ಬಿದ್ದದ್ದರಿಂದ ಲೋಕ ಉಳಿಯಿತು. ಟೋಲ್ಕೀನ್ ಇದನ್ನು ಎಲ್ಲೂ ಅಲ್ಲಗಳೆಯಲಿಲ್ಲ. ಫ್ರೋಡೋ ಸೋತದ್ದು ನಿಜ, ಆದರೆ ಅದು ನೀತಿಯ ಸೋಲಲ್ಲ ಅಂತ 1963ರ ಒಂದು ಪತ್ರದಲ್ಲಿ ಉದ್ದಕ್ಕೆ ವಿವರಿಸಿದರು. ಆ ಜಾಗದಲ್ಲಿ, ಅಷ್ಟು ಕಾಲ ಹೊತ್ತು ಸವೆದ ಮೇಲೆ, ಉಂಗುರದ ಒತ್ತಡವನ್ನು ತಡೆಯೋದು ಯಾರಿಗೂ ಸಾಧ್ಯವಿರಲಿಲ್ಲ ಅನ್ನೋದು ಅವರ ನಿಲುವು.

ಇಷ್ಟು ಹೇಳಿದರೆ ಫ್ರೋಡೋ ಅಭಿಮಾನಿಗಳು ನಿರಾಳವಾಗುತ್ತಾರೆ. ನಾನು ಅಲ್ಲಿಗೆ ಬಿಡುವುದಿಲ್ಲ. ಬೆಂಕಿಬೆಟ್ಟವನ್ನು ಬದಿಗಿಟ್ಟು, ಇಥಿಲಿಯನ್‌ನ ನಿಷಿದ್ಧ ಕೊಳದ ಪುಟವನ್ನು ತೆಗೆಸುತ್ತೇನೆ. ಆಗ ಫ್ರೋಡೋಗೆ ದಾರಿ ತೋರಿಸುತ್ತಿದ್ದ ಗೊಲ್ಲಮ್ ಅಲ್ಲಿ ಮೀನು ಹಿಡಿಯುತ್ತಿದ್ದಾನೆ. ಮೇಲೆ ಫರಾಮಿರನ ಬಿಲ್ಲುಗಾರರು ಗುರಿ ಇಟ್ಟು ನಿಂತಿದ್ದಾರೆ. ಅವನ ಜೀವ ಉಳಿಸೋಕೆ ಫ್ರೋಡೋನೇ ಕೆಳಗಿಳಿದು, ನಂಬು, ಬಾ ಅಂತ ಕರೆಯುತ್ತಾನೆ. ನಂಬಿ ಬಂದ ಗೊಲ್ಲಮ್‌ನನ್ನು ಸೈನಿಕರು ಹಿಡಿಯುತ್ತಾರೆ. ಗೊಲ್ಲಮ್ ಕುರ್ಚಿಯಲ್ಲಿ ಕೂತವರಿಗೆ ಈ ಪುಟ ಸಿಕ್ಕರೆ ಸಾಕು. ಯಜಮಾನ ಕರೆದ, ನಾನು ಬಂದೆ, ಯಜಮಾನ ಹಿಡಿಸಿದ! ಬಿಲ್ಲುಗಾರರ ವಿಷಯ ಗೊಲ್ಲಮ್‌ಗೆ ಗೊತ್ತಿರಲಿಲ್ಲ, ಆದ್ದರಿಂದ ಅವನ ವಾದದಲ್ಲಿ ಅದು ಬರೋ ಹಾಗಿಲ್ಲ. ಫ್ರೋಡೋ ಬೇರೆ ಏನು ಮಾಡಬಹುದಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಹೊಳೆದಿಲ್ಲ. ಆದರೂ ಅದು ಗೊಲ್ಲಮ್‌ಗೆ ಆದ ಅನ್ಯಾಯವೇ. ಸರಿಯಾದ ಕೆಲಸವೂ ಇನ್ನೊಬ್ಬರಿಗೆ ದ್ರೋಹದ ಹಾಗೆ ತಟ್ಟಬಹುದು ಅನ್ನೋದನ್ನು ಇಷ್ಟು ಚೆನ್ನಾಗಿ ತೋರಿಸುವ ಪುಟ ಈ ಪುಸ್ತಕದಲ್ಲಿ ಇನ್ನೊಂದಿಲ್ಲ.

ಬಳಗದಲ್ಲಿ ಅತಿ ಹೆಚ್ಚು ನೋವಾದದ್ದು ಸ್ಯಾಮ್ ಸರದಿ ಬಂದಾಗ. ಫ್ರೋಡೋ ಜೊತೆಗೆ ಕೊನೆಯವರೆಗೂ ನಡೆದ ನಂಬಿಗಸ್ತ ಸ್ಯಾಮ್ ಅಂದರೆ ಎಲ್ಲರಿಗೂ ಪ್ರಾಣ. ಶತ್ರುವಿನ ನಾಡಿಗೆ ಹತ್ತುವ ಸಿರಿತ್ ಉಂಗೋಲ್‌ನ ಮೆಟ್ಟಿಲ ಮೇಲೆ ಫ್ರೋಡೋ, ಸ್ಯಾಮ್ ಇಬ್ಬರೂ ನಿದ್ದೆಹೋಗಿದ್ದಾರೆ. ಗೊಲ್ಲಮ್ ವಾಪಸ್ ಬರುತ್ತಾನೆ. ಮಲಗಿದವರನ್ನು ನೋಡಿ ಅವನ ಮುಖ ಬದಲಾಗುತ್ತದೆ, ಕಣ್ಣಿನ ಹಸಿರು ಹೊಳಪು ಆರುತ್ತದೆ. ನಡುಗುವ ಕೈಯಿಂದ ಫ್ರೋಡೋನ ಮೊಣಕಾಲನ್ನು ಮುಟ್ಟುತ್ತಾನೆ, ಸವರಿದ ಹಾಗೆ. ಅಷ್ಟರಲ್ಲಿ ಸ್ಯಾಮ್ ಎಚ್ಚರಾಗಿ, ಏನೋ ಮಾಡುತ್ತಿದ್ದೀಯ ಅಂತ ಗದರಿಸುತ್ತಾನೆ. ಕಳ್ಳನ ಹಾಗೆ ಹೋಗಿ ಬರುತ್ತೀಯಲ್ಲ ಅನ್ನುತ್ತಾನೆ. ಹಸಿರು ಹೊಳಪು ಮತ್ತೆ ಬರುತ್ತದೆ. ಇಡೀ ಕಥೆಯಲ್ಲಿ ಬಹುಶಃ ಅತಿ ದುಃಖದ ಕ್ಷಣ ಇದೇ ಅಂತ ಟೋಲ್ಕೀನ್ 1963ರ ಅದೇ ಪತ್ರದಲ್ಲಿ ಬರೆದಿದ್ದಾರೆ.

ಸ್ಯಾಮ್ ಪರವಾಗಿ ಕೂತ ಗೆಳತಿಗೆ ಸಿಟ್ಟು ನಿಜವಾಗಿಯೇ ಬಂದಿತ್ತು. ಗೊಲ್ಲಮ್ ತನ್ನಷ್ಟಕ್ಕೇ ಮಾತಾಡಿಕೊಂಡದ್ದನ್ನು ನಾನು ಜೌಗಿನ ಹತ್ತಿರ ಕದ್ದು ಕೇಳಿದ್ದೆ ಅಂದರು. 'ಅವಳು' (ದಾರಿಯಲ್ಲಿ ಕಾದಿರುವ ದೈತ್ಯ ಜೇಡ, ಅದು ಆಮೇಲೆ ತಿಳಿಯುತ್ತದೆ) ಸಹಾಯ ಮಾಡಬಹುದು ಅಂತ ಅವನು ಅಂದದ್ದು ನನ್ನ ಕಿವಿಯಲ್ಲಿದೆ. ನಿದ್ದೆಗಣ್ಣಲ್ಲಿ ಆ ಕೈ ಯಜಮಾನನ ಮೇಲೆ ಕಂಡರೆ ನಾನು ಮುದ್ದು ಮಾಡಬೇಕಿತ್ತಾ? ಆಮೇಲೆ ಕ್ಷಮಿಸು ಅಂತಲೂ ಹೇಳಿದೆನಲ್ಲ! ಇದೆಲ್ಲ ಪುಸ್ತಕದಲ್ಲಿ ಇರೋದೇ. ನಮ್ಮ ನಿಯಮದ ಪ್ರಕಾರ, ಸ್ಯಾಮ್‌ಗೆ ಆ ಹೊತ್ತಿಗೆ ಗೊತ್ತಿದ್ದನ್ನು ಇಟ್ಟುಕೊಂಡು ನೋಡಿದರೆ ಅವನ ಅನುಮಾನ ತಪ್ಪಲ್ಲ. ತಪ್ಪು ಇರೋದು ಇನ್ನೊಂದು ಕಡೆ. ಆ ದಾರಿಯುದ್ದಕ್ಕೂ ಅವನು ಗೊಲ್ಲಮ್‌ನನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲ. ಫ್ರೋಡೋ ಮೇಲಿನ ಪ್ರೀತಿಯಲ್ಲಿ ಸ್ವಲ್ಪ ಒಡೆತನವೂ ಸೇರಿಕೊಂಡಿತ್ತು. ಇದನ್ನು ಒಪ್ಪಿಕೊಳ್ಳೋಕೆ ಸ್ಯಾಮ್ ಪ್ರಿಯರಿಗೆ ಕಷ್ಟ. ಆದರೆ ಒಪ್ಪಿಕೊಂಡರೆ ಮಾತ್ರ ಬೆಂಕಿಬೆಟ್ಟದ ಇಳಿಜಾರಿನಲ್ಲಿ ಸ್ಯಾಮ್ ಕತ್ತಿ ಎತ್ತಿ ಗೊಲ್ಲಮ್‌ನನ್ನು ಕೊಲ್ಲದೆ ಬಿಡುವ ಜಾಗ ಅರಳುತ್ತದೆ. ಸ್ವಲ್ಪ ಹೊತ್ತಾದರೂ ಉಂಗುರ ಹೊತ್ತಿದ್ದರಿಂದ ಆ ಜೀವ ಪಟ್ಟ ಪಾಡು ಅವನಿಗೆ ಮಸುಕಾಗಿ ತಿಳಿದಿತ್ತು. ಆಗ ಅವನು ಗೊಲ್ಲಮ್‌ನನ್ನು ನೋಡಿದ.

ಬೊರೊಮಿರ್, ಫರಾಮಿರ್ ಇಬ್ಬರ ತಂದೆ ಡೆನೆಥಾರ್‌ಗೆ ಸಿನಿಮಾ ತುಂಬಾ ಅನ್ಯಾಯ ಮಾಡಿದೆ. ಪುಸ್ತಕದಲ್ಲಿ ಅವನು ದೊಡ್ಡ ಮನುಷ್ಯ, ಬುದ್ಧಿವಂತ. ದೂರದ್ದನ್ನು ತೋರಿಸುವ ಪಲಂಟೀರ್ ಕಲ್ಲಿನಲ್ಲಿ ಶತ್ರುಪಡೆಯ ಕಪ್ಪು ಪಟದ ಹಡಗುಗಳು ನದಿಯಲ್ಲಿ ಬರೋದನ್ನು ಕಾಣುತ್ತಾನೆ. ಕಂಡದ್ದು ಸುಳ್ಳಲ್ಲ, ಆದರೆ ಒಳಗೆ ಇರೋದು ಅರಗಾರ್ನ್ ಅಂತ ಅವನಿಗೆ ಗೊತ್ತಿಲ್ಲ. ಹಾಗಾಗಿ ಅವನ ಹತಾಶೆಯನ್ನು ನಾವು ಮನ್ನಿಸಿದೆವು. ಉಸಿರಾಡುತ್ತಿರುವ ಮಗ ಫರಾಮಿರ್‌ನನ್ನು ಚಿತೆಯ ಮೇಲೆ ಮಲಗಿಸಿದ್ದನ್ನು ಮನ್ನಿಸಲಿಲ್ಲ. ಅಲ್ಲಿ ವಾದ ಬೇಗ ಮುಗಿಯಿತು.

ಮುಗಿಯದೆ ಉಳಿದಿರೋದು ಈಯೊವಿನ್ ವಿಷಯ. ಅವಳ ಸೋದರಮಾವ, ರೋಹನ್ ನಾಡಿನ ರಾಜ ಥಿಯೋಡನ್ ಜನರನ್ನು ಅವಳ ಕೈಗೆ ಒಪ್ಪಿಸಿ ಯುದ್ಧಕ್ಕೆ ಹೋಗುತ್ತಾನೆ. ಅವಳು ಗಂಡುವೇಷದಲ್ಲಿ, ಡರ್ನ್‌ಹೆಲ್ಮ್ ಅನ್ನೋ ಹೆಸರಿನಲ್ಲಿ ಹಿಂದೆಯೇ ಹೊರಡುತ್ತಾಳೆ. ಯಾರಿಂದಲೂ ಆಗದ್ದನ್ನು ಮಾಡುತ್ತಾಳೆ, ಶತ್ರುವಿನ ಭಯಂಕರ ಸೇವಕರಾದ ನಾಜ್‌ಗೂಲ್‌ಗಳ ಒಡೆಯನನ್ನು ಕೊಲ್ಲುತ್ತಾಳೆ. ಫಲವನ್ನು ಲೆಕ್ಕಕ್ಕೆ ತರಬೇಡಿ ಅನ್ನೋ ನಿಯಮ ಇಲ್ಲಿ ನನಗೇ ಸುಡುತ್ತದೆ. ಯಾಕೆಂದರೆ ಹೊರಡುವಾಗ ಅವಳಿಗೆ ಗೆಲುವು ಬೇಕಿರಲಿಲ್ಲ, ಸಾವು ಬೇಕಿತ್ತು. ಒಪ್ಪಿಸಿದ ಜನರನ್ನು ಬಿಟ್ಟು ಹೋದಳು ಅನ್ನೋ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಬೇಲಿಯೊಳಗೆ ಮುದುಕಿಯಾಗೋ ಭಯ ಅವಳದು. ಅದನ್ನು ಅರಗಾರ್ನ್‌ಗೆ ಬಾಯಿಬಿಟ್ಟು ಹೇಳಿದಾಗ ಸರಿಯಾಗಿ ಕೇಳಿಸಿಕೊಂಡವರು ಯಾರು ಅಂತ ನಾನು ತಿರುಗಿ ಕೇಳುತ್ತೇನೆ. ಎರಡೂ ನಿಜ ಅಂತ ನನಗೆ ಅನಿಸುತ್ತದೆ.

ಹೊಸದಾಗಿ ಇಂಥ ಬಳಗ ಶುರು ಮಾಡೋರಿಗೆ ಒಂದು ಮಾತು. ಅವರವರ ಪ್ರೀತಿಯ ಪಾತ್ರದ ಪರವಾಗಿ ಅವರನ್ನೇ ಕೂರಿಸಬೇಡಿ. ನಮ್ಮಲ್ಲಿ ಚೀಟಿ ಎತ್ತುತ್ತೇವೆ. ಸ್ಯಾಮ್‌ನ ಕಟ್ಟಾ ಅಭಿಮಾನಿ ಗೊಲ್ಲಮ್ ಆಗಿ ಕೂತ ಸಂಜೆಯೇ ಅತಿ ಒಳ್ಳೆಯ ಮಾತು ಬಂದದ್ದು. ಪುಸ್ತಕ ಕೈಯಲ್ಲೇ ಇರಲಿ, ನೆನಪಿನಿಂದ ಹೇಳಿದ ಮಾತಿನಲ್ಲಿ ಸಿನಿಮಾ ನುಸುಳಿಬಿಡುತ್ತದೆ.

ಈಗ ನಾವು ಅದೇ ಲೋಕದ ಹಳೆಯ ಕಾಲದ ಕಥೆಗಳಿರುವ, 1977ರಲ್ಲಿ ಬಂದ ಟೋಲ್ಕೀನ್ ಪುಸ್ತಕ 'ದಿ ಸಿಲ್ಮರಿಲಿಯನ್' ಹಿಡಿದಿದ್ದೇವೆ. ಮುಂದಿನ ಸರದಿ ಎಲ್ಫ್ ರಾಜಕುಮಾರ ಫೆಯಾನೋರ್ ಮತ್ತು ಅವನ ಹಿರಿಮಗ ಮೈಧ್ರೋಸ್ ಅವರದು. ಲೊಸ್ಗಾರ್‌ನಲ್ಲಿ ಅಪ್ಪ ಹಡಗುಗಳಿಗೆ ಬೆಂಕಿ ಹಾಕಿಸಿದಾಗ ಮೈಧ್ರೋಸ್ ಒಬ್ಬನೇ ಕೈ ಹಚ್ಚದೆ ಬದಿಗೆ ನಿಲ್ಲುತ್ತಾನೆ. ಆದರೆ ಅದಕ್ಕೂ ಮುಂಚೆ ಅದೇ ಹಡಗುಗಳಿಗಾಗಿ ಅಲ್ಕ್ವಲೊಂಡೆಯಲ್ಲಿ ಬಂಧುಗಳ ರಕ್ತ ಹರಿದಿತ್ತು. ಕದ್ದುಹೋದ ರತ್ನಗಳನ್ನು ಹೇಗಾದರೂ ವಾಪಸ್ ಪಡೆಯುತ್ತೇವೆ ಅನ್ನೋ ಅಪ್ಪನ ಆಣೆಯನ್ನು ಅವನೂ ಹಾಕಿದ್ದ, ಮುಂದೆ ಆ ಆಣೆ ಅವನ ಕೈಯಿಂದಲೂ ಕೊಲ್ಲಿಸುತ್ತದೆ. ಬದಿಗೆ ನಿಂತದ್ದು ಅವನ ಲೆಕ್ಕದಲ್ಲಿ ಎಷ್ಟಕ್ಕೆ ಜಮಾ ಆಗಬೇಕು? ಮೈಧ್ರೋಸ್ ಚೀಟಿ ಬಂದಿರೋದು ನನಗೆ.