ಪೆಡಲ್‌ನ ಗುಂಯ್ ಸದ್ದು ನಿಂತಿದ್ದು ಹೀಗೆ

ಗಿಟಾರ್ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್, ನಾನೇ ಬೆಸುಗೆ ಹಾಕಿ ಮಾಡಿದ್ದು. ಅಡಾಪ್ಟರ್ ಸಿಕ್ಕಿಸಿದರೆ ಸಾಕು, ತಂತಿ ಮುಟ್ಟದಿದ್ದರೂ ಗುಂಯ್ ಅನ್ನುತ್ತಿತ್ತು. 9 ವೋಲ್ಟ್ ಬ್ಯಾಟರಿ ಹಾಕಿದೆ, ಗಪ್‌ಚುಪ್! ಅಂದರೆ ಸರ್ಕ್ಯೂಟ್ ಸರಿ ಇದೆ, ತಂಟೆ ಅಡಾಪ್ಟರ್‌ದು ಅಲ್ವಾ? ಮನೆ ಕರೆಂಟು 50 ಹರ್ಟ್ಸ್. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಅದನ್ನು ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡುವಾಗ 100 ಹರ್ಟ್ಸ್ ಅಲೆ ಉಳಿದುಬಿಡುತ್ತದೆ. ಅದೇ ಈ ಗುಂಯ್.

ದಾವಣಗೆರೆಯ ಮಂಡಿಪೇಟೆ ಕಡೆಯಿಂದ 100 ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ತಂದೆ. ಪ್ಲಸ್ ವೈರ್ ಕತ್ತರಿಸಿ ನಡುವೆ ರೆಸಿಸ್ಟರ್. ಅದರ ಬೋರ್ಡ್ ಕಡೆಯ ತುದಿಯಿಂದ ಗ್ರೌಂಡ್‌ಗೆ ಕೆಪಾಸಿಟರ್. ಸುಮಾರು 16 ಹರ್ಟ್ಸ್‌ಗಿಂತ ಮೇಲಿನ ಅಲೆ ಇಲ್ಲೇ ತಗ್ಗುತ್ತದೆ. "ಕೆಪಾಸಿಟರ್‌ನಲ್ಲಿ ಪಟ್ಟಿ ಇರೋ ಕಡೆ ಕಾಲು ಮೈನಸ್, ಉಲ್ಟಾ ಹಾಕ್ಬೇಡಿ ಸರ್" ಅಂದಿದ್ದರು ಅಂಗಡಿಯವರು.

ಈಗ ಗೇನ್ (ಸಿಗ್ನಲ್ ಹಿಗ್ಗಿಸುವ ತಿರುಪು) ಪೂರ್ತಿ ಏರಿಸಿದರೆ ಮಾತ್ರ ಸ್ವಲ್ಪ ಉಸ್ ಅನ್ನುತ್ತದೆ. ಡಿಸ್ಟಾರ್ಷನ್ ಅಂದಮೇಲೆ ಅಷ್ಟು ಇರೋದೇ.