ನನ್ನ ಅನುಭವ: ಅರವತ್ತು ಮಕ್ಕಳು, ಒಂದು ಶೀಟು

ಚಿಕಿತ್ಸೆಯಲ್ಲಿರುವ ಮಕ್ಕಳು ಹೇಳಿದ ದಿನಕ್ಕೆ ಬರುತ್ತಾರಾ, ಮನೆ-ಶಾಲೆಯಲ್ಲಿ ಹೇಗಿದ್ದಾರೆ ಎನ್ನುವುದನ್ನು ನಾನು ಒಂದು ಸ್ಪ್ರೆಡ್‌ಶೀಟಿನಲ್ಲಿ, ಅಂದರೆ ಕಂಪ್ಯೂಟರಿನ ಸಾಲು-ಕಾಲಮ್ಮಿನ ಪಟ್ಟಿಯಲ್ಲಿ, ಬರೆದಿಡುತ್ತೇನೆ. 'ಶೀಟ್ ಇಟ್ಕೊಂಡು ಇದೆಲ್ಲ ಆಗೂದಿಲ್ಲ' ಎಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಶೀಟನ್ನೇ ಕಾಪಿ ಮಾಡಿಕೊಂಡಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಸುಮಾರು 60 ಮಕ್ಕಳ ಫಾಲೋಅಪ್ ನನ್ನದು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಆಟಿಸಂ (ಬೇರೆಯವರೊಡನೆ ಬೆರೆಯುವ, ಮಾತಾಡುವ ತೊಂದರೆ), ಮಾತು ತಡ, ಹೀಗೆ. ಡಾಕ್ಟರು ಧಾರವಾಡದಲ್ಲಿ, ಥೆರಪಿ ಗದಗದಲ್ಲಿ, ಶಾಲೆ ಹಳ್ಳಿಯಲ್ಲಿ. ಡಾಕ್ಟರು 'ಸಾಲ್ಯಾಗ ಹೆಂಗ ಇರ್ತಾನ?' ಎಂದು ಕೇಳಿದರೆ ತಾಯಿ ನನ್ನ ಮುಖ ನೋಡುತ್ತಾಳೆ. ಎಡಿಎಚ್‌ಡಿ ಎನ್ನಬೇಕಾದರೆ ಮನೆ, ಶಾಲೆ ಎರಡೂ ಕಡೆಯ ಮಾತು ಬೇಕೇ ಬೇಕು.

ಮೊದಲು ಆ್ಯಪ್ ಮಾಡಿಸಿದೆ. ಹತ್ತಿರ ಹತ್ತಿರ 80 ಸಾವಿರ ರೂಪಾಯಿ, ಅದರಲ್ಲಿ 30 ಸಾವಿರ ನನ್ನ ಕೈಯಿಂದಲೇ ಹೋಯಿತು. ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ಲಾಗಿನ್ನಿಗೆ ಓಟಿಪಿ. ಓಟಿಪಿ ಹೋಗುವುದು ಅಪ್ಪನ ನಂಬರಿಗೆ, ಅಪ್ಪ ಇರುವುದು ಗೋವಾದಲ್ಲಿ ಗೌಂಡಿ ಕೆಲಸಕ್ಕೆ. ಮೂರು ತಿಂಗಳಲ್ಲಿ ಬಂದ ಎಂಟ್ರಿ 11, ಅದರಲ್ಲಿ 7 ನಾನೇ ಹಾಕಿದ್ದು.

ಆಮೇಲೆ ವಾಟ್ಸಾಪ್ ಗ್ರೂಪ್. ಪುಕ್ಕಟೆ, ಎಲ್ಲರಿಗೂ ಬರುತ್ತದೆ. ಎರಡೇ ವಾರ ನಡೆಯಿತು. ಯಾರೋ ಒಂದು ಮಗುವಿನ ರಿಪೋರ್ಟನ್ನು ಊರಿನ ಗ್ರೂಪಿಗೆ ಫಾರ್ವರ್ಡ್ ಮಾಡಿದರು. ರಾತ್ರಿ ಆ ತಾಯಿ ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಗುಟ್ಟು ಕಾಯಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಗೊತ್ತಿದ್ದೂ ಮಾಡಿದ ಎಡವಟ್ಟು ನನ್ನದೇ.

ಈಗಿನ ಶೀಟಿನಲ್ಲಿ ಹೆಸರೇ ಇಲ್ಲ, ಬರೀ ನಂಬರು. ಹೆಸರು ಮತ್ತು ತಂದೆತಾಯಿಯ ಒಪ್ಪಿಗೆ ಸಹಿ ಇರುವ ರಿಜಿಸ್ಟರ್ ನನ್ನ ಕಪಾಟಿನಲ್ಲಿದೆ. ಹೆಸರಿನಿಂದ ಹುಡುಕುವುದೂ ಕಷ್ಟವೇ ಆಗಿತ್ತು. ಮಂಜುನಾಥನನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಥರ ಬರೆಯುತ್ತಾರೆ, ಮನೆಯಲ್ಲಿ ಅವನು ಮಂಜ್ಯಾ. ಒಂದು ಮಗುವಿಗೆ ಒಂದು ಸಾಲು: ಹಿಂದಿನ ಭೇಟಿ, ಮುಂದಿನ ಭೇಟಿ, ಗುಳಿಗೆ ಮುಗಿಯುವ ದಿನ, ಶಾಲೆಯ ಮಾತು, ಮನೆಯ ಮಾತು. ದಿನ ಹತ್ತಿರ ಬಂದರೆ ಅಥವಾ ದಾಟಿದರೆ ಸಾಲು ಕೆಂಪಾಗುತ್ತದೆ.

ಒಂದು ಸಲ ಮೇ ಕೊನೆಯಲ್ಲಿ ಅರ್ಧ ಶೀಟು ಕೆಂಪು! ದಿನವಿಡೀ ಫೋನ್ ಮಾಡಿದೆ, ಯಾರೂ ತಪ್ಪಿಸಿರಲಿಲ್ಲ. ಶೀಟಿನ ಲೊಕೇಲ್ (ಯಾವ ದೇಶದ ರೀತಿ ತಾರೀಖು ಓದಬೇಕು ಎನ್ನುವ ಸೆಟ್ಟಿಂಗ್) ಅಮೆರಿಕ ಅಂತ ಇತ್ತು. ಜೂನ್ 5 ಎಂದು 5/6 ಹಾಕಿದ್ದನ್ನು ಅದು ಮೇ 6 ಎಂದು ಓದಿತ್ತು. 25/6 ಹಾಕಿದ್ದನ್ನು ತಾರೀಖು ಎಂದೇ ತಿಳಿದಿರಲಿಲ್ಲ, ಆ ಸಾಲುಗಳು ಕೆಂಪಾಗುತ್ತಲೇ ಇರಲಿಲ್ಲ. ನಿಜವಾದ ಅಪಾಯ ಅವೇ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾ ಮಾಡಿಕೊಳ್ಳಿ.

ಶಾಲೆಯವರಿಗೆ ಶೀಟು ಕಾಣುವುದಿಲ್ಲ, ಎರಡು ವಾರಕ್ಕೊಮ್ಮೆ ಫಾರ್ಮ್ ಹೋಗುತ್ತದೆ. ಮೊದಲು ಎಸ್‌ಡಿಕ್ಯೂ ಎಂಬ, ಮಕ್ಕಳ ನಡವಳಿಕೆ ಅಳೆಯುವ ಪ್ರಶ್ನಾವಳಿಯ 25 ಪ್ರಶ್ನೆಗಳನ್ನೇ ಕಳಿಸಿದ್ದೆ. 'ಓದೂದ್ರಾಗ ಬೆಲ್ ಹೊಡೀತದ್ರಿ' ಎಂದರು ಒಬ್ಬ ಅಕ್ಕೋರು. ಅದನ್ನು ವರ್ಷಕ್ಕೆರಡು ಸಲಕ್ಕೆ ಇಳಿಸಿ, ಉಳಿದಂತೆ ನಾಲ್ಕೇ ಪ್ರಶ್ನೆ ಇಟ್ಟೆ. ಆ ನಾಲ್ಕು ಸಿಗಲು ಒಂದೂವರೆ ವರ್ಷ ಹಿಡಿಯಿತು, ಎಲ್ಲವನ್ನೂ ಇಲ್ಲಿ ಹೇಳಲಾರೆ. ಒಂದು ಹೇಳುತ್ತೇನೆ: 'ಬಿಸಿಯೂಟ ಪೂರ್ತಿ ತಿಂದನಾ?'

ಮುಂಡರಗಿ ಕಡೆಯ ಹುಡುಗ, ಮೀಥೈಲ್‌ಫೆನಿಡೇಟ್ (ಎಡಿಎಚ್‌ಡಿಗೆ ಕೊಡುವ ಗುಳಿಗೆ) ಶುರುವಾಗಿತ್ತು. ಸತತ ಮೂರು ಫಾರ್ಮ್‌ಗಳಲ್ಲಿ 'ಅರ್ಧ ಬಿಟ್ಟ'. ತಾಯಿಯನ್ನು ಕೇಳಿದರೆ, 'ರಾತ್ರಿ ಚಲೋ ಉಣ್ತಾನ್ರಿ ಮೇಡಮ್ಮಾರ'. ಆ ಗುಳಿಗೆಗೆ ಹಗಲು ಹಸಿವು ಕಡಿಮೆಯಾಗುವುದು ಹೊಸದೇನಲ್ಲ. ತೂಕ ಹಾಕಿಸಿದೆ, ಎರಡು ತಿಂಗಳಲ್ಲಿ ಹೆಚ್ಚುಕಡಿಮೆ 2 ಕೆಜಿ ಇಳಿದಿದ್ದ. ಡಾಕ್ಟರು ಆ ಸಾಲು ನೋಡಿ ಡೋಸ್ ಬದಲಿಸಿದರು. 'ಯಾರು ಗಮನಿಸಿದ್ದು?' ಎಂದು ಕೇಳಿದರು. ಅಡುಗೆಯ ಅವ್ವಾರು ನೋಡಿ ಹೇಳಿದ್ದು, ಅಕ್ಕೋರು ಬರೆದದ್ದು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ತಾಯಂದಿರ ವಾಯ್ಸ್ ಮೆಸೇಜನ್ನು ಮೊಬೈಲೇ ಬರೆದುಕೊಳ್ಳಲಿ ಎಂದು. 'ಚಿಟ್ಟನ ಚೀರ್ತಾನ್ರಿ' ಎಂದರೆ ಅದು ಚಿಟ್ಟೆ ಎಂದು ಬರೆಯಿತು. ಬಿಟ್ಟುಬಿಟ್ಟೆ. ಈಗ ಕೇಳಿಸಿಕೊಂಡು ನಾನೇ ಒಂದು ಸಾಲು ಹಾಕುತ್ತೇನೆ, ವಾರಕ್ಕೆ ಎರಡು ಗಂಟೆ ಹೋಗುತ್ತದೆ.

ಖರ್ಚು ಡೇಟಾ, ಫೋನ್, ಝೆರಾಕ್ಸ್ ಸೇರಿ ತಿಂಗಳಿಗೆ 1,200ರ ಆಸುಪಾಸು. ಮೊದಲು ಹತ್ತರಲ್ಲಿ ನಾಲ್ಕು ಮಕ್ಕಳು ಹೇಳಿದ ದಿನಕ್ಕೆ ಬರುತ್ತಿದ್ದರು, ಈಗ ಏಳೆಂಟು. ಸಂತೆ ದಿನ ತಪ್ಪಿಸಿ ತಾರೀಖು ಕೊಟ್ಟದ್ದಕ್ಕೂ ಅದರಲ್ಲಿ ಪಾಲಿದೆ.

ಈಗಲೂ 6 ಸಾಲು ಕೆಂಪಾಗಿಯೇ ಇವೆ. ಮಕ್ಕಳನ್ನೂ ಕರೆದುಕೊಂಡು ದುಡಿಯಲು ಗೋವಾಕ್ಕೆ ಹೋದ ಮನೆಗಳು ಅವು. ಅದಕ್ಕೆ ನನ್ನ ಹತ್ತಿರ ಇನ್ನೂ ಉಪಾಯವಿಲ್ಲ.